ಆಷಾಢದಲ್ಲಿ ಆಲ್ಬಮ್ ಮುಗಿಸಿದ್ದು: ನನ್ನ ಅನುಭವ

ನಮ್ಮ ಮೊದಲ ಆಲ್ಬಮ್ ಬಂದು ಆರೇಳು ವರ್ಷ ಆದರೂ ಎರಡನೆಯದರ ಸುಳಿವಿರಲಿಲ್ಲ. ಹಾಡುಗಳಿಗೇನೂ ಬರವಿರಲಿಲ್ಲ, ಫೋನಿನಲ್ಲಿ ಇಪ್ಪತ್ತರ ಹತ್ತಿರ ಬಿದ್ದಿದ್ದವು. ಬೆಂಗಳೂರಿನ ಹೆಸರು ಮಾಡಿದ ಸ್ವರಾತ್ಮ ಬ್ಯಾಂಡಿನ ಆಲ್ಬಮ್‌ಗಳೇ ವರ್ಷಗಟ್ಟಲೆ ಬಿಟ್ಟು, 2009, 2012, ಆಮೇಲೆ 2018ರಲ್ಲಿ ಬಂದವು. ನಾವೋ ಶನಿವಾರ, ಭಾನುವಾರದ ಬ್ಯಾಂಡು.

ನಮ್ಮನ್ನು ಕೆಡಿಸಿದ್ದು ಕಂತಿನಲ್ಲಿ ರೆಕಾರ್ಡ್ ಮಾಡುವ ಪದ್ಧತಿ. ಒಂದು ಶೋ ದುಡ್ಡಲ್ಲಿ ಎರಡು ಹಾಡಿನ ಡ್ರಮ್ಸ್, ಮುಂದಿನ ಶೋ ಬಂದಾಗ ಬೇಸ್ ಗಿಟಾರ್, ಅಷ್ಟರಲ್ಲಿ ಡ್ರಮ್ಮರ್‌ಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಹೊಸಬ ಬಂದ, ಹಳೆಯ ಟ್ರ್ಯಾಕ್ ಪಕ್ಕದಲ್ಲಿ ಅವನದು ಬೇರೆಯೇ ಕೇಳಿಸಿತು, ಸರಿ ಮತ್ತೆ ಮೊದಲಿಂದ. ಎಲ್ಲ ವಾದ್ಯದ ಸದ್ದನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಇಂಜಿನಿಯರ್ ಒಬ್ಬರಿಗೆ ನಲವತ್ತು ಸಾವಿರ ಅಡ್ವಾನ್ಸ್ ಕೊಟ್ಟಿದ್ದೆವು. ಅವರಿಗೆ ಸಿನಿಮಾ ಕೆಲಸ ಬಂತು, ನಮ್ಮ ಫೈಲು ತಳ ಸೇರಿತು. ಆ ದುಡ್ಡು ಇವತ್ತಿಗೂ ಬಂದಿಲ್ಲ. ಹೀಗೆ ಒಂದೂವರೆ ಲಕ್ಷ ಸುರಿದ ಮೇಲೆ ಕೈಯಲ್ಲಿದ್ದದ್ದು ಮೂರು ಅರೆಬರೆ ಹಾಡು.

ಕನ್ನಡ ಬ್ಯಾಂಡಿಗೆ ಸುಗ್ಗಿ ಅಂದರೆ ನವೆಂಬರ್ ಅಂತ ನಿಮಗೆ ಗೊತ್ತೇ ಇದೆ. ಐಟಿ ಕಂಪನಿ, ಅಪಾರ್ಟ್‌ಮೆಂಟ್ ಸಂಘ, ಎಲ್ಲರಿಗೂ ರಾಜ್ಯೋತ್ಸವ ಬೇಕು. 2022ರ ನವೆಂಬರ್ ದುಡ್ಡನ್ನು ಹಂಚಿಕೊಳ್ಳೋದು ಬೇಡ ಅಂದೆ. ದೊಡ್ಡ ಗಲಾಟೆಯೇ ಆಯ್ತು. ಬೇಸ್ ನುಡಿಸುವವನು ಬೈಕಿನ ಇಎಂಐ ಯಾರು ಕಟ್ತಾರೆ ಅಂದ. ಅವನ ಪಾಲು ಅರ್ಧ ಕೊಟ್ಟು, ವ್ಯಾನು, ಸೌಂಡಿನವರ ಖರ್ಚು ಕಳೆದು ಎರಡೂ ಮುಕ್ಕಾಲು ಲಕ್ಷ ಉಳಿಸಿದೆವು.

ಆಮೇಲೆ ಆಷಾಢಕ್ಕೆ ಕಾದೆವು. ಮದುವೆ ಇಲ್ಲ, ರಿಸೆಪ್ಷನ್ ಇಲ್ಲ, ನುಡಿಸುವವರೆಲ್ಲ ಮನೆಯಲ್ಲೇ ಇರುತ್ತಾರೆ. ಸ್ಟುಡಿಯೋದವರೂ ರೇಟಿನ ಬಗ್ಗೆ ಮಾತಾಡಲು ಸಿಗುತ್ತಾರೆ. 2023ರಲ್ಲಂತೂ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ ಬಂತು, ಅಂದರೆ ಸಾಲಾಗಿ ಎರಡು ತಿಂಗಳು ಯಾರಿಗೂ ಮುಹೂರ್ತವಿಲ್ಲ! ಅಮ್ಮ ಮಾತ್ರ 'ಹೊಸ ಕೆಲಸಕ್ಕೆ ಇದೇ ಸಿಕ್ಕಿತಾ' ಅಂದರು. ಗೊತ್ತಿದ್ದ ಎರಡು ಬ್ಯಾಂಡಿನವರು, ಒಂದೇ ಉಸಿರಿಗೆ ಮಾಡಿದರೆ ಎಲ್ಲ ಹಾಡೂ ಒಂದೇ ಥರ ಕೇಳಿಸುತ್ತವೆ ಅಂತ ನಕ್ಕರು. ನನಗೆ ಬೇಕಾಗಿದ್ದೂ ಅದೇ ಅಲ್ವಾ? ಒಂದೇ ಡ್ರಮ್ ಕಿಟ್, ಒಂದೇ ರೂಮು, ಒಂದೇ ಕೈ. ಎಂಟು ಹಾಡಿನ ಡ್ರಮ್ಸ್, ಬೇಸ್ ಒಂದು ವಾರದೊಳಗೆ ಮುಗಿದವು. ಜಿಎಸ್‌ಟಿ ಶೇ. 18 ಸೇರಿ ಅರವತ್ತು ಸಾವಿರದ ಆಸುಪಾಸು. ಆ ರೇಟು ಹೇಗೆ ಕುದುರಿತು ಅಂತ ಇಲ್ಲಿ ಬರೆದರೆ ಮುಂದಿನ ಸಲ ನನಗೇ ಸಿಗಲ್ಲ.

ಡೊಳ್ಳಿಗೆ ಸ್ಟುಡಿಯೋ ಸಾಲಲಿಲ್ಲ, ಸದ್ದು ಉಸಿರುಗಟ್ಟಿತು. ಆಷಾಢದಲ್ಲಿ ಖಾಲಿ ಬೀಳುವ ಇನ್ನೊಂದು ಜಾಗ ಯಾವುದು ಹೇಳಿ? ಛತ್ರ. ಅರ್ಧ ದಿನಕ್ಕೆ ಆರೇಳು ಸಾವಿರಕ್ಕೆ ಒಪ್ಪಿದರು. ಫ್ಯಾನೆಲ್ಲ ಆರಿಸಿ ನಾಲ್ಕು ಮೈಕ್ ಇಟ್ಟೆವು. ಅಡುಗೆಮನೆಯಲ್ಲಿ ಯಾರೋ ಪಾತ್ರೆ ತೊಳೆಯಲು ಶುರು ಮಾಡಿ ಒಳ್ಳೆಯ ಟೇಕ್ ಒಂದು ಹೋಯಿತು. ಉಳಿದದ್ದು ಕೇಳಿದವರೆಲ್ಲ ಯಾವ ದೊಡ್ಡ ಸ್ಟುಡಿಯೋ ಅಂತ ಕೇಳುತ್ತಾರೆ. ನಾಲ್ಕನೇ ಮೈಕ್ ಎಲ್ಲಿತ್ತು ಅನ್ನೋದನ್ನು ನಾನು ಹೇಳಲ್ಲ.

ಸುಮ್ನೆ ಇರಲಿ ಅಂತ ಅದೇ ಹಾಲ್‌ನಲ್ಲಿ ಬಲೂನು ಒಡೆದು ಇಂಪಲ್ಸ್ ರೆಸ್ಪಾನ್ಸ್, ಅಂದರೆ ಆ ಹಾಲ್ ಮೊಳಗುವ ರೀತಿಯನ್ನು, ರೆಕಾರ್ಡ್ ಮಾಡಿ ಹಿಡಿದುಕೊಂಡೆ. ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಜೊತೆಗೇ ಬರುವ, ಸದ್ದಿಗೆ ಮೊಳಗು ಸೇರಿಸುವ ರೀವರ್ಬ್‌ಗೆ ಅದನ್ನು ಹಾಕಿದರೆ ನನ್ನ ಬೆಡ್‌ರೂಮಿನಲ್ಲಿ ರೆಕಾರ್ಡ್ ಮಾಡಿದ ಗಾಯನ ಛತ್ರದಲ್ಲಿ ಹಾಡಿದ ಹಾಗೆ ಕೂತಿತು. ಚಿಕ್ಕ ಬಲೂನಿನಲ್ಲಿ ತಗ್ಗಿನ ಸದ್ದು ಬರಲ್ಲ, ದೊಡ್ಡದೇ ಬೇಕು. ಬೇಸ್‌ಮೆಂಟಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಹಾಡಿಯೂ ನೋಡಿದೆ. ಡಬ್ಬದೊಳಗೆ ಹಾಡಿದ ಹಾಗಿತ್ತು, ಮೇಲಾಗಿ ಬೆವರು.

ಮಿಕ್ಸಿಂಗ್ ಹಾಡಿಗೆ ಹತ್ತು ಸಾವಿರ, ಎರಡೇ ಸಲ ತಿದ್ದುಪಡಿ (ರಿವಿಷನ್) ಅಂತ ನಾವೇ ಷರತ್ತು ಹಾಕಿಕೊಂಡೆವು. ಮೂರನೆಯದು ಬೇಕೆಂದವರು ಸ್ವಂತ ಜೇಬಿನಿಂದ ಕೊಡಬೇಕು. ಯಾರೂ ಕೇಳಲಿಲ್ಲ! ಕೊನೆಯ ಹದ ಕೊಡುವ ಮಾಸ್ಟರಿಂಗ್, ಡೊಳ್ಳಿನ ತಂಡ, ಊಟ ಎಲ್ಲ ಸೇರಿ ಎರಡೂವರೆ ಲಕ್ಷದೊಳಗೆ ಕೆಲಸ ಆಯ್ತು. ಮೊದಲ ಆಲ್ಬಮ್‌ಗೆ ನಾಲ್ಕು ದಾಟಿತ್ತು.

ಸ್ಟ್ರೀಮಿಂಗ್‌ನಿಂದ ವಾಪಸ್ ಬಂದದ್ದು ಏಳು ಸಾವಿರವೋ ಏನೋ. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳದ ಹಾಡಿಗೆ ಕಾಸಿಲ್ಲ, ನಮ್ಮವು ಎರಡು ಅಲ್ಲೇ ಉದುರಿದವು. ಕೇಳುಗರಿಗೆ ನೇರವಾಗಿ ಹಾಡು ಮಾರಲು ಬಿಡುವ ಬ್ಯಾಂಡ್‌ಕ್ಯಾಂಪ್ ತಾಣ ಶೇ. 15 ಹಿಡಿದುಕೊಂಡರೂ ಅಲ್ಲೇ ಜಾಸ್ತಿ ಬಂತು, ಹೊರದೇಶದ ಕನ್ನಡಿಗರ ದಯೆ. ಆದರೆ ನಿಜವಾದ ದುಡ್ಡು ಬಂದದ್ದು ಮತ್ತೆ ನವೆಂಬರಿನ ಶೋಗಳಿಂದಲೇ. ಹೊಸ ಆಲ್ಬಮ್ ಇದೆ ಅಂದ ಕೂಡಲೇ ಶೋ ರೇಟನ್ನು ಇಪ್ಪತ್ತು ಸಾವಿರ ಏರಿಸಿದೆವು, ಒಬ್ಬರೂ ಚೌಕಾಸಿ ಮಾಡಲಿಲ್ಲ.

ಮುಂದಿನ ಆಷಾಢಕ್ಕೆ ಅಂತ ಛತ್ರದ ಮ್ಯಾನೇಜರ್‌ಗೆ ಫೋನ್ ಮಾಡಿದ್ದೆ. ಬಾಡಿಗೆ ಹತ್ತು ಸಾವಿರ ಆಗಿದೆ ಸಾರ್, ನಿಮ್ಮ ಥರದವರೇ ಇನ್ನೂ ಎರಡು ಗುಂಪು ಕೇಳಿಕೊಂಡು ಹೋಗಿದ್ದಾರೆ ಅಂದರು. ಯಾರು ಅಂತ ಕೇಳಿದೆ. ಅವತ್ತು ನಕ್ಕ ಆ ಎರಡು ಬ್ಯಾಂಡಿನವರೇ.