ಕಛ್‌ನ ಚಿಕ್ಕ ರಣಕ್ಕೆ ಹಕ್ಕಿ ನೋಡಲು ಗುಂಪಾಗಿ ಹೊರಟವರಿಗೆ

ಗುಜರಾತಿನ ಚಿಕ್ಕ ರಣ (ಲಿಟಲ್ ರಣ್) ಎಂಬ ಉಪ್ಪು ಬಯಲು ಸುಮಾರು 5,000 ಚದರ ಕಿಲೋಮೀಟರಿನ ಕಾಡುಕತ್ತೆ ಅಭಯಾರಣ್ಯ. ಮಳೆಗಾಲದಲ್ಲಿ ಇಡೀ ಬಯಲಿಗೆ ತೆಳುವಾಗಿ ಹರಡಿದ ನೀರು ಚಳಿಗಾಲಕ್ಕೆ ಅಲ್ಲಲ್ಲಿ ಆಳವಿಲ್ಲದ ಮಡುಗಳಾಗಿ ಉಳಿಯುತ್ತದೆ. ರಾಜಹಂಸ (ಫ್ಲೆಮಿಂಗೊ), ಕ್ರೌಂಚ (ಕ್ರೇನ್), ಹೆಜ್ಜಾರ್ಲೆಗಳು ಸೇರುವುದು ಅಲ್ಲಿ. ಮಳೆ ಜೋರಾದ ವರ್ಷ ನವೆಂಬರಿನಲ್ಲೂ ನೆಲ ಆರಿರುವುದಿಲ್ಲ, ಹಾಗಾಗಿ ಡಿಸೆಂಬರ್ ನಡುವಿನಿಂದ ಫೆಬ್ರವರಿ ನಡುವಿನೊಳಗೆ ಹೋಗಿ. ಟಿಕೆಟ್ ಮಾಡಿಸುವ ಮುಂಚೆ ಅಲ್ಲಿನ ಗೈಡಿಗೆ ಫೋನ್ ಮಾಡಿ, ರಣದ ಅಂಚಿನ ಬಜಾಣಾ ಊರಿನ ಕಡೆ ನೀರು ಎಷ್ಟಿದೆ ಎಂದು ಕೇಳಿ. ನೀರಿಲ್ಲದಿದ್ದರೆ ರಣಕ್ಕೆ ಒಂದೇ ದಿನ ಇಟ್ಟು, ಉಳಿದ ದಿನಗಳನ್ನು ಅಹಮದಾಬಾದ್ ಹತ್ತಿರದ ನಳ ಸರೋವರಕ್ಕೆ ಕೊಡಿ.

ಹತ್ತು ಜನ, ಎರಡು ಜೀಪು. ಇದಕ್ಕಿಂತ ದೊಡ್ಡ ಗುಂಪು ಬೇಡ. ಒಂದೇ ಜೀಪಿನಲ್ಲಿ ಹೋಗುವುದೂ ತಪ್ಪು. ರಣದ ನೆಲ ಮೇಲೆ ಬಿಳಿ ಉಪ್ಪುಗಟ್ಟಿ ಒಣಗಿದಂತೆ ಕಂಡರೂ ಕೆಳಗೆ ಹಸಿ ಜೇಡಿ ಇರುತ್ತದೆ. ಚಕ್ರ ಹೂತುಕೊಂಡಾಗ ಆಕ್ಸಿಲರೇಟರ್ ಒತ್ತಿದಷ್ಟೂ ಇನ್ನೂ ಆಳಕ್ಕೆ ಇಳಿಯುತ್ತದೆ. ಆಗ ಎಲ್ಲರೂ ಇಳಿಯಬೇಕು. ಎರಡನೆಯ ಜೀಪು ಗಟ್ಟಿ ನೆಲದಲ್ಲೇ ನಿಂತು 15 ಮೀಟರ್ ಹಗ್ಗದಿಂದ ಎಳೆಯಬೇಕು. ಈ ಅನಾಹುತ ಬಹುಪಾಲು ಆಗುವುದು "ಇನ್ನೊಂಚೂರು ಹತ್ತಿರ ಹೋಗೋಣ" ಎಂದು ಡ್ರೈವರನ್ನು ಒತ್ತಾಯಿಸಿದಾಗ. ಹಳೆಯ ಚಕ್ರದ ಜಾಡು ಬಿಟ್ಟು ಹೋಗಲು ಆತ ಒಪ್ಪದಿದ್ದರೆ ಅವನ ಮಾತೇ ಕೊನೆ.

ಬೆಳಗಿನ ಜಾವ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯಬಹುದು, ಮಧ್ಯಾಹ್ನ 30ರ ಹತ್ತಿರ. ತೆರೆದ ಜೀಪಿನಲ್ಲಿ ಗಾಳಿ ಕಿವಿಗೆ ಹೊಡೆಯುವುದರಿಂದ ಮಂಕಿ ಕ್ಯಾಪ್, ಕೈಗವಸು ಇರಲಿ. ಒಬ್ಬೊಬ್ಬರಿಗೆ 3 ಲೀಟರ್ ಕುಡಿಯುವ ನೀರು. ಒಳಗೆ ಅಂಗಡಿಯೂ ಇಲ್ಲ, ಶೌಚಾಲಯವೂ ಇಲ್ಲ. ಹೆಂಗಸರಿಗೆ ಎಲ್ಲಿ ನಿಲ್ಲಿಸುವುದೆಂದು ಹೊರಡುವ ಮುಂಚೆಯೇ ಗೈಡಿನ ಜೊತೆ ಮಾತಾಡಿಕೊಳ್ಳಿ.

ಸೂರ್ಯ ಏಳುವುದು ಏಳೂಕಾಲರ ಸುಮಾರಿಗೆ. ಅಷ್ಟರೊಳಗೆ ಮಡುವಿನ ಪೂರ್ವ ದಡದಲ್ಲಿರಿ, ಬೆಳಕು ಬೆನ್ನಿಗೆ ಬರುತ್ತದೆ. ಹಕ್ಕಿಗಳ ಎಣಿಕೆಯನ್ನೆಲ್ಲ ಹತ್ತು ಗಂಟೆಯೊಳಗೆ ಮುಗಿಸಿ. ಆಮೇಲೆ ಕಾದ ನೆಲದ ಮೇಲಿನ ಗಾಳಿ ನಡುಗತೊಡಗುತ್ತದೆ. ಸ್ಕೋಪನ್ನು (ದೂರದ ಹಕ್ಕಿ ನೋಡುವ ದೂರದರ್ಶಕವನ್ನು) 60 ಪಟ್ಟು ಹಿಗ್ಗಿಸಿದರೆ ನಡುಕವೂ ಹಿಗ್ಗುತ್ತದೆ, 20-25ಕ್ಕೆ ಇಳಿಸಿ. ರಾಜಹಂಸದ ಜಾತಿ ಹೇಳಲು ಕೊಕ್ಕು ನೋಡಿ: ದೊಡ್ಡದಕ್ಕೆ ತುದಿ ಮಾತ್ರ ಕಪ್ಪಾದ ಗುಲಾಬಿ ಕೊಕ್ಕು, ಚಿಕ್ಕದಕ್ಕೆ ಇಡೀ ಕೊಕ್ಕೇ ಗಾಢ ಕೆಂಪು.

ಸಂಜೆ ಕ್ರೌಂಚಗಳದ್ದು. ಹಗಲು ಸುತ್ತಲಿನ ಹೊಲಗಳಲ್ಲಿ ಮೇಯ್ದು, ಕತ್ತಲಾಗುವಾಗ ಆಳವಿಲ್ಲದ ನೀರಿನಲ್ಲಿ ನಿಂತು ನಿದ್ದೆ ಮಾಡಲು ಬರುತ್ತವೆ. ಐದು ಗಂಟೆಗೇ ಪಶ್ಚಿಮ ದಡದಲ್ಲಿ, ನೀರಿನಿಂದ ಕನಿಷ್ಠ 250 ಮೀಟರ್ ದೂರ, ಜೀಪನ್ನು ನೀರಿಗೆ ಬೆನ್ನು ಮಾಡಿ ನಿಲ್ಲಿಸಿ. ವಾಪಸು ಹೊರಟಾಗ ಹೆಡ್‌ಲೈಟ್ ಹಕ್ಕಿಗಳ ಮೇಲೆ ಬೀಳಬಾರದು. ಕತ್ತಲಲ್ಲಿ ಬೆದರಿ ಎದ್ದವು ಕರೆಂಟ್ ತಂತಿಗೆ ಬಡಿಯಬಹುದು. ಯಾರೂ ಕೆಳಗಿಳಿಯಬೇಡಿ. ಜೀಪನ್ನು ಸಹಿಸುವ ಹಕ್ಕಿ ನಿಂತ ಮನುಷ್ಯನ ಆಕಾರವನ್ನು ಸಹಿಸುವುದಿಲ್ಲ. ಹಾರುವಾಗ ಕತ್ತಿನ ಕಪ್ಪು ಎದೆಯವರೆಗೂ ಇಳಿದಿದ್ದರೆ ಡೆಮೊಯ್ಸೆಲ್ ಕ್ರೇನ್, ಕತ್ತಿನಲ್ಲೇ ನಿಂತಿದ್ದರೆ ಕಾಮನ್ ಕ್ರೇನ್. ಅಭಯಾರಣ್ಯದಿಂದ ಎಷ್ಟು ಹೊತ್ತಿಗೆ ಹೊರಬೀಳಬೇಕೆಂದು ಮೊದಲೇ ಕೇಳಿಕೊಳ್ಳಿ. ಹೊತ್ತು ಸಾಲದಿದ್ದರೆ ಹೊರಗಿನ ಹಳ್ಳಿಕೆರೆ ಆರಿಸಿ.

ಬಯಲಿನ ನಡುವಿನ ಎತ್ತರದ ದಿಬ್ಬಗಳಿಗೆ ಅಲ್ಲಿ ಬೇಟ್ ಎನ್ನುತ್ತಾರೆ. ನಮ್ಮ ಬಳ್ಳಾರಿ ಜಾಲಿಯೇ ಅಲ್ಲೂ ಹಬ್ಬಿದೆ. ಗಿಡ್ಡಕಿವಿಯ ಗೂಬೆಗಳು ಹಗಲು ನೆಲದ ಮೇಲೆ, ಹುಲ್ಲಿನ ಮರೆಯಲ್ಲಿ ಮಲಗಿರುತ್ತವೆ. ಸಾಲಾಗಿ ನಡೆದು ಅವನ್ನು ಎಬ್ಬಿಸುವುದು, ರೆಕಾರ್ಡ್ ಮಾಡಿದ ಕೂಗು ಕೇಳಿಸುವುದು ದಯವಿಟ್ಟು ಬೇಡ.

ನಳ ಸರೋವರದಲ್ಲಿ ದೋಣಿ ಹತ್ತುವ ಮುಂಚೆಯೇ, ಗಳ ಹಾಕಿ ನಿಧಾನ ನಡೆಸಬೇಕು, ಫೋಟೋಗಾಗಿ ರಾಜಹಂಸಗಳನ್ನು ಹಾರಿಸಬಾರದು ಎಂದು ಅಂಬಿಗನಿಗೆ ಸ್ಪಷ್ಟವಾಗಿ ಹೇಳಿ.

ರಾತ್ರಿ ಕೋಣೆಗೆ ಬಂದ ಮೇಲೆ ಲೆನ್ಸನ್ನು ಬಟ್ಟೆಯಿಂದ ಒರೆಸಬೇಡಿ. ಉಪ್ಪಿನ ಧೂಳು ಗಾಜನ್ನು ಗೀರುತ್ತದೆ. ಮೊದಲು ಬ್ಲೋವರಿನಿಂದ ಊದಿ, ಆಮೇಲೆ ಬ್ರಷ್, ಬಟ್ಟೆ ಕೊನೆಗೆ.