ಆಡಿನ ಕೊಟ್ಟಿಗೆಗೆ ಚಿರತೆ ಇಳಿಯುತ್ತಿದ್ದದ್ದು ಸೂರಿನಿಂದ

ಮೂರು ಕಡೆ ಐದಡಿ ಗೋಡೆ, ಮುಂದೆ ಸರಳಿನ ಗೇಟು, ಮೇಲೆ ಹಂಚು. ಆಡಿಗೆ ಇಷ್ಟು ಸಾಕು, ಚಿರತೆಗೆ ಸಾಲದು. ಗೋಡೆಗೂ ಸೂರಿಗೂ ನಡುವಿನ ಸಂದು, ಒತ್ತಿದರೆ ಜಾರುವ ಹಂಚು, ಎರಡೂ ಅದಕ್ಕೆ ಬಾಗಿಲೇ. ಓಡಲು ಜಾಗವಿಲ್ಲದೆ ಆಡುಗಳು ಬೆದರಿ ಎಗರಾಡಿದಾಗ, ಒಂದಕ್ಕೆಂದು ಬಂದದ್ದು ಹಲವನ್ನು ಕೊಂದುಬಿಡುತ್ತದೆ.

ಸರಿಹೋದದ್ದು ಹೀಗೆ: ಹಂಚಿನ ಕೆಳಗೆ 2 ಇಂಚು ಕಣ್ಣಿನ, 10 ಗೇಜಿನ (ಸುಮಾರು 3 ಮಿ.ಮೀ. ದಪ್ಪ ತಂತಿಯ) ಚೈನ್‌ಲಿಂಕ್ ಜಾಲರಿ ಎಳೆದು, ಗೋಡೆಯ ತಲೆಗೆ ಕಬ್ಬಿಣದ ಪಟ್ಟಿ ಒತ್ತಿ ಬೋಲ್ಟ್ ಹಾಕಿದ್ದು. ಬರೀ ಬೈಂಡಿಂಗ್ ವೈರ್ ಸುತ್ತಿದರೆ ತುಕ್ಕು ತಿಂದು ಬಿಚ್ಚಿಕೊಳ್ಳುತ್ತದೆ. ಗೇಟಿನಡಿಯ ಮಣ್ಣನ್ನು ಆಡುಗಳೇ ತುಳಿದು ಸವೆಸುತ್ತವೆ. ಅಲ್ಲಿ ಚಪ್ಪಡಿ ಹೂತು ಸಂದನ್ನು 3 ಇಂಚಿಗಿಂತ ಕಡಿಮೆ ಮಾಡಿ. ಸರಳುಗಳಿಗೆ ಕೆಳಗಿನ 3 ಅಡಿ ತಗಡು ಹೊಡೆಯಲೇಬೇಕು, ಇಲ್ಲವಾದರೆ ಚಿರತೆ ಪಂಜ ತೂರಿಸಿ, ಮಲಗಿದ ಮರಿಯನ್ನು ಎಳೆಯುತ್ತದೆ. ಚಿಲಕ ಎರಡಿರಲಿ, ಮೇಲೊಂದು ಕೆಳಗೊಂದು. ಒಂದೇ ಇದ್ದರೆ ತಳ್ಳಿದಾಗ ಗೇಟಿನ ಮೂಲೆ ಬಾಗಿ ಸಂದಾಗುತ್ತದೆ.

ಮಿಣುಕು ದೀಪ ಕೆಲವು ದಿನ ಹೆದರಿಸುತ್ತದೆ, ಆಮೇಲೆ ರೂಢಿಯಾಗುತ್ತದೆ, ಜಾಗ ಬದಲಿಸುತ್ತಿರಿ. ಹೊರಗೆ ಕಟ್ಟಿದ ನಾಯಿ ಕಾವಲಲ್ಲ, ಆಮಿಷ. ಬೋನಿಟ್ಟು ಹಿಡಿದು ದೂರ ಬಿಟ್ಟರೂ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ವಿಷ, ಉರುಳಿನ ಮಾತೇ ಬೇಡ. 1972ರ ವನ್ಯಜೀವಿ ಕಾಯ್ದೆಯಡಿ ಜೈಲು ಗ್ಯಾರಂಟಿ ಅನ್ನುವಷ್ಟು ಗಂಭೀರ ಅಪರಾಧ.

ಆಡು ಸತ್ತಿದ್ದರೆ ಫೋಟೊ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ. ಮಹಜರು ಮುಗಿಯುವ ತನಕ ಹೂಳಬೇಡಿ, ಹೂತರೆ ಪರಿಹಾರದ ಅರ್ಜಿ ಅಲ್ಲೇ ನಿಂತುಹೋಗುತ್ತದೆ.