ಸೀಮೆಎಣ್ಣೆಯ ಫರ್ಗುಸನ್: ಕೊಳ್ಳುವಾಗ ನೋಡಬೇಕಾದದ್ದು, ಚಾಲೂ ಮಾಡುವ ಬಗೆ

ಪಂಪ್ ಸ್ಟವ್ ಹೊತ್ತಿಸಿ ಗೊತ್ತಿರುವವರಿಗೆ ಈ ಟ್ರ್ಯಾಕ್ಟರಿನ ಅರ್ಧ ವಿದ್ಯೆ ಆಗಲೇ ಬಂದಿದೆ. ಬರ್ನರ್ ಕೆಳಗಿನ ಬಟ್ಟಲಿಗೆ ಒಂದಿಷ್ಟು ಸ್ಪಿರಿಟ್ ಸುರಿದು, ಕಡ್ಡಿ ಗೀರಿ, ಬರ್ನರ್ ಕಾಯುವವರೆಗೆ ನಾವೂ ಕಾಯಬೇಕು. ಅವಸರಪಟ್ಟು ಪಂಪ್ ಹೊಡೆದರೆ ಎಣ್ಣೆ ಆವಿಯಾಗದೆ ಹಾಗೆಯೇ ಚಿಮ್ಮುತ್ತದೆ. ಕೆಂಪು ಉರಿ, ಪಾತ್ರೆಯ ತುಂಬ ಮಸಿ. ಫರ್ಗುಸನ್ ಟಿಇಡಿ-20 ಕೂಡ ಹೀಗೆಯೇ. ಪೆಟ್ರೋಲಿನಲ್ಲಿ ಹೊತ್ತಿಸಿ, ಇಂಜಿನ್ ಚೆನ್ನಾಗಿ ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ಕೊಳ್ಳುವಾಗ ನೋಡುವುದು, ಚಾಲೂ ಮಾಡುವುದು, ನಿಲ್ಲಿಸುವುದು ಎಲ್ಲವೂ ಈ ಒಂದು ಮಾತಿನ ಮೇಲೆಯೇ ನಿಂತಿದೆ.

ನಾನು ಮಂಡ್ಯ ಕಡೆಯವಳು. ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ ನರ್ಸ್ ಆಗಿದ್ದೇನೆ. ನಾಲ್ಕು ವರ್ಷದ ಹಿಂದೆ ಒಂದು ಬೂದು ಬಣ್ಣದ ಫರ್ಗುಸನ್ ಕೊಂಡೆ. ಕಾರಣ ಸರಳ: ಊರಿನಲ್ಲಿ ಅಪ್ಪನ ಬಳಿ ಇರುವುದು ಮ್ಯಾಸಿ ಫರ್ಗುಸನ್. ಅದರ ಹಿಂದೆ ನೇಗಿಲು ಕಚ್ಚಿಕೊಳ್ಳುವ ಮೂರು ಕೊಂಡಿಗಳ ಏರ್ಪಾಡು ಈ ಟ್ರ್ಯಾಕ್ಟರಿಗೆ ಹೆಸರು ಕೊಟ್ಟ ಹ್ಯಾರಿ ಫರ್ಗುಸನ್ ರೂಢಿಗೆ ತಂದದ್ದು, ಮತ್ತು ಅದೇ ಏರ್ಪಾಡು ಈ ಮುದಿ ಗಾಡಿಯಲ್ಲೂ ಇದೆ. ಟಿಇ-20 ವರ್ಗದ ಟ್ರ್ಯಾಕ್ಟರುಗಳು 1946ರಿಂದ 1956ರವರೆಗೆ ಕೊವೆಂಟ್ರಿಯ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ 5 ಲಕ್ಷಕ್ಕೂ ಮಿಕ್ಕಿ ತಯಾರಾದವು. ಅವುಗಳಲ್ಲಿ ಸೀಮೆಎಣ್ಣೆಯದು, ಅಂದರೆ ಟಿಇಡಿ-20, 1949ರಲ್ಲಿ ಬಂತು. ಬಿಡಿಭಾಗ ಇಂದಿಗೂ ಸಿಗುವುದರಿಂದ ಮೊದಲ ಸಲ ಹಳೆಯ ಟ್ರ್ಯಾಕ್ಟರ್ ಕೊಳ್ಳುವವರಿಗೆ ನಾನು ಇದನ್ನೇ ಹೇಳುತ್ತೇನೆ.

ನೋಡಲು ಹೋದಾಗ ಮೊದಲು ಇಂಜಿನ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಮಾರುವವರು ನೀವು ಬರುವ ಮುನ್ನವೇ ಒಮ್ಮೆ ಚಾಲೂ ಮಾಡಿದ್ದಾರೆ ಎಂದು ಅರ್ಥ. ತಣ್ಣಗಾದ ಮೇಲೆ ಇನ್ನೊಮ್ಮೆ ಬರುತ್ತೇನೆಂದು ಹೇಳಿ ಹೊರಟುಬಿಡಿ. ತಣ್ಣಗಿನ ಇಂಜಿನ್ ಮಾತ್ರ ನಿಜ ಹೇಳುತ್ತದೆ.

ಕಾರ್ಖಾನೆಯ ಸೀರಿಯಲ್ ನಂಬರ್ ಇರುವ ತಗಡಿನಲ್ಲಿ ಟಿಇಡಿ ಎಂಬ ಅಕ್ಷರಗಳಿದ್ದರೂ ಅಷ್ಟಕ್ಕೇ ಒಪ್ಪಬೇಡಿ. ಟ್ರ್ಯಾಕ್ಟರಿಗೆಂದೇ ಮಾರುತ್ತಿದ್ದ ಸೀಮೆಎಣ್ಣೆ ಬ್ರಿಟನ್ನಿನಲ್ಲಿ 1974ರಲ್ಲಿ ನಿಂತುಹೋಯಿತು. ಆಮೇಲೆ ಎಷ್ಟೋ ಗಾಡಿಗಳನ್ನು ಪೆಟ್ರೋಲಿಗೆ ಬದಲಾಯಿಸಿದರು. ಟ್ಯಾಂಕಿನಲ್ಲಿ ದೊಡ್ಡದೊಂದು, ಸಣ್ಣದೊಂದು, ಹೀಗೆ ಎರಡು ಖಾನೆ ಇರಬೇಕು. ಎರಡು ಕಡೆಗೂ ತಿರುಗುವ ಕಾಕ್, ಅಂದರೆ ಎಣ್ಣೆಯ ನಲ್ಲಿ, ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೊಗೆಯ ಬಿಸಿಯಿಂದ ಎಣ್ಣೆಯನ್ನು ಆವಿ ಮಾಡುವ ಮ್ಯಾನಿಫೋಲ್ಡ್ ಒಡೆಯದೆ ಉಳಿದಿರಬೇಕು. ಅದೇ ಈ ಗಾಡಿಯ ಬರ್ನರ್. ಅದು ಹೋಗಿದ್ದರೆ ನೀವು ಕೊಳ್ಳುತ್ತಿರುವುದು ಸೋಮಾರಿ ಪೆಟ್ರೋಲ್ ಟ್ರ್ಯಾಕ್ಟರ್. ಸೀಮೆಎಣ್ಣೆಗೆಂದು ಕಂಪ್ರೆಷನ್ ಕಡಿಮೆ ಇಟ್ಟಿರುವುದರಿಂದ ಪೆಟ್ರೋಲಿನ ಪೂರ್ತಿ ಬಲ ಬರುವುದಿಲ್ಲ.

ಆಮೇಲೆ ಆಯಿಲ್ ನೋಡುವ ಕಡ್ಡಿ ಎಳೆಯಿರಿ. ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಆಯಿಲಿಗೆ ನೀರು ಸೇರಿದೆ. ಮಟ್ಟ ಗೆರೆಗಿಂತ ಮೇಲಿದ್ದು, ಬೆರಳಿಗೆ ಜಿಗುಟು ಹತ್ತದೆ, ಮೂಗಿಗೆ ಸೀಮೆಎಣ್ಣೆ ವಾಸನೆ ಹೊಡೆದರೆ ಆವಿಯಾಗದ ಎಣ್ಣೆ ಪಿಸ್ಟನ್ ಪಕ್ಕದಿಂದ ಇಳಿದಿದೆ. ಅಂಥ ಆಯಿಲಿನಲ್ಲಿ ಓಡಿದ ಬೇರಿಂಗ್ ಸವೆದಿರುತ್ತದೆ. ಇಂಜಿನ್ ಬ್ಲಾಕಿನ ಎರಡೂ ಮಗ್ಗುಲಿಗೆ ಟಾರ್ಚ್ ಹಿಡಿದು ಬೆಸುಗೆಯ ಗುರುತು ಹುಡುಕಿ. ಚಳಿಗಾಲದಲ್ಲಿ ಒಳಗಿನ ನೀರು ಹೆಪ್ಪುಗಟ್ಟಿದರೆ ಎರಕದ ಕಬ್ಬಿಣವೂ ಬಿರಿಯುತ್ತದೆ.

ಸ್ವಿಚ್ ಹಾಕದೆ ಹ್ಯಾಂಡಲಿನಿಂದ ತಿರುಗಿಸಿ ನೋಡಿ. ನಾಲ್ಕು ಸಿಲಿಂಡರುಗಳೂ ಒಂದೇ ಸಮನೆ ತಡೆ ಒಡ್ಡಬೇಕು. ಹೆಬ್ಬೆರಳನ್ನು ಸುತ್ತಿ ಹಿಡಿಯಬೇಡಿ, ಉಳಿದ ಬೆರಳುಗಳ ಕಡೆಗೇ ಇಡಿ. ಕೆಳಗಿನಿಂದ ಮೇಲಕ್ಕೆ ಎಳೆಯಿರಿ, ಮೇಲಿನಿಂದ ಒತ್ತಬೇಡಿ. ಹ್ಯಾಂಡಲ್ ಹಿಂದಕ್ಕೆ ಒದ್ದು ಮಣಿಕಟ್ಟು ಮುರಿದುಕೊಂಡವರಿಗೆ ನಾನೇ ಪಟ್ಟಿ ಕಟ್ಟಿದ್ದೇನೆ. ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹಿಂದಿನ ಟೈರುಗಳನ್ನು ಮಾತ್ರ ಬಗ್ಗಿ ನೋಡಿ, ಹೊಸ ಜೋಡಿ ಬಹಳ ದುಬಾರಿ. ನಾನು ಕೊಟ್ಟದ್ದು 1,850 ಪೌಂಡ್.

ಎಣ್ಣೆಯ ವಿಷಯ. ನಾನು ಮನೆ ಬೆಚ್ಚಗಿಡಲು ಮಾರುವ ಸೀಮೆಎಣ್ಣೆ ನಾಲ್ಕು ಪಾಲಿಗೆ ಪೆಟ್ರೋಲ್ ಒಂದು ಪಾಲು ಬೆರೆಸುತ್ತೇನೆ. ಬರಿಯ ಸೀಮೆಎಣ್ಣೆ ಹಾಕಿದರೆ ಭಾರ ಎಳೆಯುವಾಗ ಇಂಜಿನ್ ಒಳಗೆ ಸುತ್ತಿಗೆ ಬಡಿದಂತೆ ಸದ್ದು ಬರುತ್ತದೆ. ಅದು ತೆರಿಗೆ ರಿಯಾಯಿತಿಯ ಎಣ್ಣೆ. ಆದ್ದರಿಂದ ಇಂಜಿನ್ನಿಗೆ ಹಾಕುವ ಮುನ್ನ ಇಲ್ಲಿನ ತೆರಿಗೆ ಇಲಾಖೆಯ ಈಗಿನ ನಿಯಮ ಓದಿಕೊಳ್ಳಿ, ರಸ್ತೆಗೆ ಇಳಿಸುವವರು ಇನ್ನೂ ಎಚ್ಚರದಿಂದ ಓದಿಕೊಳ್ಳಿ.

ಇನ್ನು ಚಾಲೂ ಮಾಡೋಣ. ವರ್ಷಗಟ್ಟಲೆ ನಿಂತ ಗಾಡಿಯಾದರೆ ಹಳೆಯ ಎಣ್ಣೆಯನ್ನೆಲ್ಲ ಇಳಿಸಿ, ನಾಲ್ಕೂ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು, ಕೈಯಲ್ಲೇ ಹತ್ತು ಸುತ್ತು ತಿರುಗಿಸಿ. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟ್ ಉಜ್ಜಿ ಪ್ಲಗ್ಗಿನಲ್ಲಿ ಕಿಡಿ ಬರುತ್ತಿದೆಯೇ ನೋಡಿ. ಆಗ ಹತ್ತಿರದಲ್ಲಿ ಪೆಟ್ರೋಲ್ ಡಬ್ಬಿ ಬೇಡ. ಪ್ಲಗ್‌ಗಳನ್ನು ಮತ್ತೆ ಹಾಕಿ ವೈರ್ ಜೋಡಿಸಿ; ಸಿಲಿಂಡರುಗಳಿಗೆ ಸ್ಪಾರ್ಕ್ ಹೋಗುವ ಕ್ರಮ 1-3-4-2. ರೇಡಿಯೇಟರಿಗೆ ನೀರು, ಸಣ್ಣ ಖಾನೆಗೆ ಹೊಸ ಪೆಟ್ರೋಲ್. ಕಾಕ್ ಪೆಟ್ರೋಲ್ ಕಡೆಗಿರಲಿ. ಚೋಕ್ ಎಳೆದು, ಸ್ವಿಚ್ ಹಾಕಿ, ಗೇರ್ ಲಿವರನ್ನು ಎಸ್ ಎಂದು ಗುರುತಿಸಿದ ಕಡೆಗೆ ತಳ್ಳಿ. ಇದಕ್ಕೆ ಬೇರೆ ಸ್ಟಾರ್ಟರ್ ಗುಂಡಿ ಇಲ್ಲ, ಗೇರ್ ಲಿವರೇ ಸ್ಟಾರ್ಟರ್. ಗೇರಿನಲ್ಲಿರುವಾಗ ಅಕಸ್ಮಾತ್ತಾಗಿ ಚಾಲೂ ಆಗಿ ಮೈಮೇಲೆ ಬರದಂತೆ ಯೋಚಿಸಿ ಮಾಡಿದ ಕೆಲಸ. ನನಗೆ ಈ ಗಾಡಿಯಲ್ಲಿ ಅತ್ಯಂತ ಇಷ್ಟವಾದದ್ದು ಇದೇ.

ಚಾಲೂ ಆದೊಡನೆ ಕಾಕ್‌ಗೆ ಕೈ ಹಾಕಬೇಡಿ. ರೇಡಿಯೇಟರ್ ಮುಂದೆ ಪರದೆ ಇದ್ದರೆ ಮುಚ್ಚಿ, ಹೊಲದಲ್ಲಿ ಹಗುರವಾಗಿ ಒಂದೆರಡು ಸುತ್ತು ಓಡಿಸಿ. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕಾಕ್ ತಿರುಗಿಸಿ. ಕಾರ್ಬೊರೇಟರಿನಲ್ಲಿ ಉಳಿದ ಪೆಟ್ರೋಲ್ ಮುಗಿಯುವವರೆಗೆ ಏನೂ ಗೊತ್ತಾಗುವುದಿಲ್ಲ. ನಂತರ ಸದ್ದು ಒಂದು ಎಳೆ ದಪ್ಪಗಾಗಿ, ಅಜ್ಜಿಯ ಅಡುಗೆಮನೆಯ ವಾಸನೆ ಹೊಲದ ಮೇಲೆ ಹರಡುತ್ತದೆ. ಹೊಗೆ ಬೆಳ್ಳಗೆ ಬಂದು ಕಣ್ಣು ಉರಿದರೆ ಇನ್ನೂ ಕಾದಿಲ್ಲ. ಪೆಟ್ರೋಲಿಗೆ ಹಿಂತಿರುಗಿಸಿ ಇನ್ನೈದು ನಿಮಿಷ ತಾಳಿ.

ನಿಲ್ಲಿಸುವಾಗ ನಾನು ಮೊದಲ ವಾರವೇ ತಪ್ಪಿದೆ. ಮಳೆ ಬಂತೆಂದು ಸೀಮೆಎಣ್ಣೆಯಲ್ಲಿ ಓಡುತ್ತಿದ್ದ ಹಾಗೆಯೇ ಸ್ವಿಚ್ ಆರಿಸಿ ಒಳಗೆ ಹೋದೆ. ಮಾರನೆಯ ಬೆಳಿಗ್ಗೆ ಬ್ಯಾಟರಿ ಬರಿದಾಗುವವರೆಗೆ ತಿರುಗಿಸಿದರೂ ಒಂದು ಕೆಮ್ಮೂ ಇಲ್ಲ. ಪ್ಲಗ್ ಬಿಚ್ಚಿದರೆ ನಾಲ್ಕೂ ಒದ್ದೆ. ವಿಡಿಯೊ ಕರೆಯಲ್ಲಿ ಅಪ್ಪನಿಗೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, "ನಮ್ಮ ಕಾಲುವೆ ಹತ್ತಿರದ ಹಳೇ ಸೀಮೆಎಣ್ಣೆ ಪಂಪ್‌ಸೆಟ್ಟಿನ ಹಾಗೆಯೇ ಅಲ್ಲವೇನವ್ವ? ಪೆಟ್ರೋಲ್ ಕುಡಿಸಿ ಮಲಗಿಸಬೇಕು" ಎಂದರು. ಕಾರ್ಬೊರೇಟರಿನ ಕೆಳಗಿನ ತಿರುಪು ಬಿಚ್ಚಿ ಒಳಗಿದ್ದ ಎಣ್ಣೆ ಬಸಿದು, ಪ್ಲಗ್ ಒಣಗಿಸಿ, ಪೆಟ್ರೋಲ್ ಬಿಟ್ಟ ಮೇಲೆ ಮೂರನೆಯ ಯತ್ನಕ್ಕೆ ಹೊತ್ತಿಕೊಂಡಿತು. ಅಂದಿನಿಂದ ನಿಲ್ಲಿಸುವ ಮೂರು ನಿಮಿಷ ಮೊದಲೇ ಕಾಕನ್ನು ಪೆಟ್ರೋಲಿಗೆ ತಿರುಗಿಸುತ್ತೇನೆ.

ಸೀಮೆಎಣ್ಣೆಯಲ್ಲಿ ಓಡಿಸಿದ ದಿನವೆಲ್ಲ ಆಯಿಲ್ ಕಡ್ಡಿ ನೋಡಿ. ಮಟ್ಟ ಏರಿದ್ದರೆ ಪೂರ್ತಿ ಬದಲಾಯಿಸಿ. ಸ್ವಲ್ಪ ತೆಗೆದು ಸ್ವಲ್ಪ ಹಾಕುವ ಉಳಿತಾಯ ಬೇಡ. ನವೆಂಬರಿನಲ್ಲಿ ರೇಡಿಯೇಟರಿನ ನೀರನ್ನು, ಬ್ಲಾಕಿನ ಪಕ್ಕದ ನಲ್ಲಿಯಿಂದ ಒಳಗಿನ ನೀರನ್ನು ಬಿಡಿ. ನಲ್ಲಿಯ ಬಾಯಿಗೆ ಕೆಸರು ಕಟ್ಟಿರುತ್ತದೆ, ನೀರು ಬಾರದಿದ್ದರೆ ತಂತಿ ತೂರಿಸಿ ಕೆದಕಿ, ಕೊನೆಯ ಹನಿ ಬೀಳುವವರೆಗೆ ಅಲ್ಲೇ ನಿಂತಿರಿ.